ಗುರಾಣಿಯ ಬಿಲ್ ಕಟ್ಟಿದ್ದು ಯಾರು?

ಇವತ್ತಿನ ಎಪಿಸೋಡ್ ಯುದ್ಧದ ಬಗ್ಗೆ. ಆದ್ರೆ ಯಾರು ಗೆದ್ರು, ಯಾರು ಸೋತ್ರು ಅನ್ನೋದು ಇದರಲ್ಲಿ ಕಡಿಮೆ. ಯಾರು ಏನು ತೊಟ್ಟಿದ್ರು, ಅದಕ್ಕೆ ದುಡ್ಡು ಕೊಟ್ಟಿದ್ದು ಯಾರು ಅನ್ನೋದೇ ಜಾಸ್ತಿ.

'300' ಸಿನಿಮಾ ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರಿ. ಪೂರ್ತಿ ನೋಡದೇ ಇದ್ರೂ ರೀಲ್ಸ್‌ನಲ್ಲಾದರೂ ಕಂಡಿರುತ್ತೆ. ಸ್ಪಾರ್ಟಾದ ಸೈನಿಕರು, ಕೆಂಪು ಬಟ್ಟೆ, ಕೈಯಲ್ಲಿ ದೊಡ್ಡ ಗುರಾಣಿ, ತಲೆಗೆ ಕಂಚಿನ ಶಿರಸ್ತ್ರಾಣ. ಎದೆ ಮಾತ್ರ ಬರಿ. ಜಿಮ್ ಬಾಡಿ ತೋರಿಸೋಕೆ ಸಿನಿಮಾಗೆ ಅದು ಸರಿ. ಆದ್ರೆ ಕ್ರಿ.ಪೂ. 480ರಲ್ಲಿ ಥರ್ಮೋಪಿಲೆಯ ಕಣಿವೆ ಬಾಯಲ್ಲಿ ನಿಂತ ನಿಜವಾದ ಗ್ರೀಕ್ ಕಾಲಾಳು ಎದೆ ಬಿಟ್ಟುಕೊಂಡು ನಿಲ್ತಿರಲಿಲ್ಲ. ಕೈಲಾದಷ್ಟು ಮೈ ಮುಚ್ಚಿಕೊಂಡೇ ಬರ್ತಿದ್ದ. ಮರುವರ್ಷ ಪ್ಲಾಟಿಯಾದಲ್ಲಿ ಪರ್ಷಿಯನ್ನರು ಸೋತಿದ್ದರ ಬಗ್ಗೆ ಬರೀತಾ ಹೆರೊಡೋಟಸ್ ಹೇಳೋದೂ ಅದನ್ನೇ. ಪರ್ಷಿಯನ್ನರಿಗೆ ಧೈರ್ಯ ಕಡಿಮೆ ಇರಲಿಲ್ಲ, ಮೈಮೇಲೆ ಸರಿಯಾದ ಕವಚ ಇರಲಿಲ್ಲ.

ನಾನು ಓದಿದ್ದು ಬಿ.ಕಾಂ. ಯಾವ ವಸ್ತು ನೋಡಿದ್ರೂ ಮೊದಲು ತಲೆಗೆ ಬರೋ ಪ್ರಶ್ನೆ ಒಂದೇ: ಇದರ ಬಿಲ್ ಎಷ್ಟು, ಕಟ್ಟಿದ್ದು ಯಾರು? ಗ್ರೀಕ್ ಕಾಲಾಳಿನ ಕವಚದ ಮುಂದೆ ಈ ಪ್ರಶ್ನೆ ಇಟ್ಟರೆ ಆ ಕಾಲದ ರಾಜಕೀಯವೇ ಬಿಚ್ಚಿಕೊಳ್ಳುತ್ತೆ. ಯಾಕೆ ಅಂದ್ರೆ ಅಲ್ಲಿ ಕವಚ ತಗೊಳ್ಳೋಕೆ ದುಡ್ಡು ಇದೆಯಾ ಅನ್ನೋ ಮೇಲೆ ನೀವು ಪೂರ್ಣ ಪ್ರಜೆ ಹೌದೋ ಅಲ್ವೋ ಅನ್ನೋ ಜಗಳ ಮತ್ತೆ ಮತ್ತೆ ನಡೆದಿದೆ. ಆ ಜಗಳದಲ್ಲಿ ಜನ ಸತ್ತಿದ್ದಾರೆ. ಅಲ್ಲಿಗೆ ಬರ್ತೀನಿ. ಮೊದಲು ಆ ಸೈನಿಕನನ್ನ ಸರಿಯಾಗಿ ನೋಡೋಣ.

ಅವನ ಹೆಸರು ಹಾಪ್ಲೈಟ್. ಗ್ರೀಕ್‌ನಲ್ಲಿ 'ಹೋಪ್ಲಾ' ಅಂದ್ರೆ ಆಯುಧ, ಯುದ್ಧದ ಸಾಮಾನು. ಅದನ್ನ ಹೊತ್ತವನು ಹಾಪ್ಲೈಟ್. ಸುಮಾರು ಕ್ರಿ.ಪೂ. 7ನೇ ಶತಮಾನದಿಂದ 4ನೇ ಶತಮಾನದವರೆಗೆ ಗ್ರೀಸ್‌ನ ಯುದ್ಧಗಳಲ್ಲಿ ಇವನೇ ಮುಖ್ಯ. ಆಗ ಗ್ರೀಸ್ ಅನ್ನೋ ಒಂದು ದೇಶ ಇರಲಿಲ್ಲ. ಅಥೆನ್ಸ್, ಸ್ಪಾರ್ಟಾ, ಕೊರಿಂಥ್, ಥೀಬ್ಸ್, ಆರ್ಗೋಸ್ ಅಂತ ನೂರಾರು ಪುಟ್ಟ ನಗರ ರಾಜ್ಯಗಳು. ಹೆಚ್ಚಿನ ಕಡೆ ಸಂಬಳ ತಗೊಳ್ಳೋ ಕಾಯಂ ಸೈನ್ಯ ಇರಲಿಲ್ಲ. ಯುದ್ಧ ಬಂತು ಅಂದ್ರೆ ಹೊಲ ಇರೋ ರೈತ, ಅಂಗಡಿ ಇರೋ ಕುಶಲಕರ್ಮಿ ಮನೆಯಿಂದ ತನ್ನ ಆಯುಧ ತಗೊಂಡು ಬರಬೇಕು. ಸರ್ಕಾರದಿಂದ ಯೂನಿಫಾರ್ಮ್ ಇಲ್ಲ, ಕಿಟ್ ಇಲ್ಲ. ನಿಮ್ಮ ಸೆಟ್ ನೀವೇ ತರಬೇಕು.

ಆ ಸೆಟ್‌ನಲ್ಲಿ ಏನೇನಿತ್ತು? ಗುರಾಣಿಯಿಂದ ಶುರು ಮಾಡೋಣ, ಯಾಕಂದ್ರೆ ಉಳಿದದ್ದೆಲ್ಲ ಅದರ ಸುತ್ತ ಇದೆ.

ಇದರ ಗ್ರೀಕ್ ಹೆಸರು ಆಸ್ಪಿಸ್. ದುಂಡಗೆ, ದೊಡ್ಡ ಬೋಗುಣಿ ಥರ ಒಳಗೆ ಗುಳಿ ಇರೋ ಗುರಾಣಿ. ಅಡ್ಡಳತೆ ಹೆಚ್ಚುಕಮ್ಮಿ 90 ಸೆಂಟಿಮೀಟರ್, ತೂಕ ಸುಮಾರು 6ರಿಂದ 8 ಕಿಲೋ. ಬಹಳ ಜನ ಇದು ಪೂರ್ತಿ ಲೋಹದ್ದು ಅಂದ್ಕೋತಾರೆ. ಅಸಲಿಗೆ ಒಳಗಿರೋದು ಮರ. ಪಾಪ್ಲರ್, ವಿಲ್ಲೋ ಥರದ ಹಗುರ ಮರ. ಇಂಥ ಮರ ಏಟು ತಿಂದರೆ ಸೀಳಿ ಎರಡಾಗೋದಕ್ಕಿಂತ ತಗ್ಗು ಬೀಳೋದು ಹೆಚ್ಚು. ಒಳಮೈಗೆ ತೆಳು ಚರ್ಮ. ಹೊರಮೈಗೆ ಕೆಲವರು ಪೂರ್ತಿ ಕಂಚಿನ ತಗಡು ಹೊದಿಸ್ತಿದ್ರು, ಅದೂ ಅರ್ಧ ಮಿಲಿಮೀಟರ್ ಆಸುಪಾಸಿನ ದಪ್ಪದ್ದು. ಇನ್ನು ಕೆಲವರು ಅಂಚಿಗೆ ಮಾತ್ರ ಕಂಚು ಹಾಕಿಸ್ತಿದ್ರು. ಬಜೆಟ್ ಹೇಗೋ ಹಾಗೆ.

ನಿಜವಾದ ತಂತ್ರ ಇರೋದು ಹಿಡಿಕೆಯಲ್ಲಿ. ಮಧ್ಯದಲ್ಲಿ ಒಂದು ಪಟ್ಟಿ. ಅದರೊಳಗೆ ಎಡಗೈಯನ್ನ ಮೊಣಕೈವರೆಗೂ ತೂರಿಸಬೇಕು. ಅಂಚಿನ ಹತ್ತಿರ ಒಂದು ಹಗ್ಗದ ಹಿಡಿ, ಅದನ್ನ ಮುಷ್ಟಿಯಲ್ಲಿ ಹಿಡೀಬೇಕು. ಹೀಗಾಗಿ ಗುರಾಣಿಯ ಭಾರ ಮಣಿಕಟ್ಟಿನ ಮೇಲೆ ಬೀಳದೆ ಇಡೀ ಮುಂಗೈ ಮೇಲೆ ಹಂಚಿಹೋಗುತ್ತೆ. ಸುಸ್ತಾದರೆ ಗುಳಿಯ ಅಂಚನ್ನ ಎಡ ಭುಜದ ಮೇಲೆ ಇಟ್ಟು ದಣಿವಾರಿಸಿಕೊಳ್ಳಬಹುದು.

ಈಗ ನೀವೇ ನಿಮ್ಮ ಎಡಗೈಯನ್ನ ಎದೆ ಮುಂದೆ ಮಡಚಿ ನೋಡಿ. ಗುರಾಣಿಯ ಮಧ್ಯಭಾಗ ನಿಮ್ಮ ಮೊಣಕೈ ಹತ್ತಿರ ಇದೆ ಅಂದ್ಕೊಳ್ಳಿ. ಬಲ ಅರ್ಧ ನಿಮ್ಮ ಎದೆಯನ್ನ ಮುಚ್ಚುತ್ತೆ. ಎಡ ಅರ್ಧ? ಅದು ನಿಮ್ಮ ಮೈ ದಾಟಿ ಆಚೆ ಚಾಚಿಕೊಂಡಿರುತ್ತೆ. ಅಲ್ಲಿ ನಿಂತಿರೋ ಪಕ್ಕದವನ ಬಲಭಾಗಕ್ಕೆ ಅದು ಮರೆ. ನಿಮ್ಮ ಬಲಭಾಗಕ್ಕೆ ಮರೆ ಯಾವುದು? ನಿಮ್ಮ ಬಲಕ್ಕೆ ನಿಂತವನ ಗುರಾಣಿ. ಹೀಗೆ ಸಾಲು ಕಟ್ಟಿ, ಹಲವು ಸಾಲು ಆಳವಾಗಿ ನಿಲ್ಲೋದಕ್ಕೆ ಫ್ಯಾಲಂಕ್ಸ್ ಅಂತ ಹೆಸರು.

ಇದರಿಂದ ಒಂದು ತಮಾಷೆಯ ತೊಂದರೆನೂ ಆಗ್ತಿತ್ತು. ಕ್ರಿ.ಪೂ. 418ರ ಮ್ಯಾಂಟಿನಿಯಾ ಯುದ್ಧದ ಬಗ್ಗೆ ಬರೀತಾ ಇತಿಹಾಸಕಾರ ಥುಸಿಡಿಡೀಸ್ ಇದನ್ನ ಗಮನಿಸಿದ್ದಾನೆ. ಸೈನ್ಯ ಮುಂದೆ ನಡೀತಾ ನಡೀತಾ ಬಲಕ್ಕೆ ವಾಲ್ತಾ ಹೋಗುತ್ತೆ. ಯಾಕೆ? ಪ್ರತಿಯೊಬ್ಬನಿಗೂ ಭಯ. ತನ್ನ ಬಲಭಾಗವನ್ನ ಪಕ್ಕದವನ ಗುರಾಣಿಗೆ ಇನ್ನೊಂದು ಚೂರು ಒತ್ತಿಕೊಳ್ತಾನೆ. ತುದಿಯಲ್ಲಿರೋನು ತೆರೆದುಕೊಂಡ ತನ್ನ ಬಲಭಾಗವನ್ನ ಶತ್ರುವಿನಿಂದ ತಪ್ಪಿಸೋಕೆ ಆಚೆ ಸರೀತಾನೆ, ಉಳಿದವರು ಅವನ ಹಿಂದೆ. ಮಳೆಯಲ್ಲಿ ಒಂದೇ ಛತ್ರಿ ಕೆಳಗೆ ಇಬ್ಬರು ನಡೆದ ಹಾಗೆ, ಸಾವಿರಾರು ಜನ ಒಟ್ಟಿಗೆ ಒಂದೇ ಕಡೆಗೆ ತಳ್ಳಾಡಿಕೊಂಡು ಹೋಗ್ತಾರೆ.

ಇದಕ್ಕೇ ಅಥೆನ್ಸ್‌ನಲ್ಲಿ ಗುರಾಣಿ ಬಿಸಾಕಿ ಓಡಿಹೋಗೋದು ಅಪರಾಧ. ಸಾಬೀತಾದರೆ ಪ್ರಜೆಯ ಹಕ್ಕುಗಳೇ ಹೋಗ್ತಿದ್ವು. ಯಾರನ್ನಾದರೂ ಸುಮ್ಮಸುಮ್ಮನೆ 'ಗುರಾಣಿ ಬಿಸಾಕಿದವನು' ಅಂತ ಬೈದರೆ ಅದು ಮಾನನಷ್ಟ, 500 ದ್ರಾಕ್ಮಾ ದಂಡ. ಶಿರಸ್ತ್ರಾಣ, ಎದೆಕವಚ ಕಳ್ಕೊಂಡವನಿಗೆ ಈ ಕಳಂಕ ಇಲ್ಲ. ಅವು ಅವನ ಮೈಗೆ ಮಾತ್ರ ಸಂಬಂಧಪಟ್ಟವು, ಗುರಾಣಿ ಇಡೀ ಸಾಲಿಗೆ ಸೇರಿದ್ದು. ಸ್ಪಾರ್ಟಾದವರ ಮಾತು ಅಂತ ಪ್ಲೂಟಾರ್ಕ್ ದಾಖಲಿಸಿರೋ ವಿವರಣೆಯ ಸಾರ ಇದು. ಅಂದ್ರೆ ನೋಡಿ, ತಗೊಂಡಿದ್ದು ನಿಮ್ಮ ದುಡ್ಡಲ್ಲಿ, ಅದರ ಅರ್ಧ ಕಾಯೋದು ಪಕ್ಕದವನನ್ನ.

ಇನ್ನು ಬಲಗೈ. ಅದರಲ್ಲಿ ಈಟಿ, ಗ್ರೀಕ್‌ನಲ್ಲಿ ದೋರಿ. ಉದ್ದ 2ರಿಂದ 2.5 ಮೀಟರ್. ಮುಂದೆ ಕಬ್ಬಿಣದ ಅಲಗು, ಹಿಂದೆ ಕಂಚಿನ ಚೂಪು ಮೊಳೆ. ಈ ಹಿಂದಿನ ಮೊಳೆಗೆ ಒಂದು ಮಜವಾದ ಹೆಸರಿದೆ, ಸೌರೋಟರ್. ಅದನ್ನ ಸಾಮಾನ್ಯವಾಗಿ 'ಹಲ್ಲಿ ಕೊಲ್ಲೋದು' ಅಂತ ಅರ್ಥ ಮಾಡ್ತಾರೆ. ವಿಶ್ರಾಂತಿ ವೇಳೆ ಈಟಿಯನ್ನ ನೆಲಕ್ಕೆ ಚುಚ್ಚಿ ನಿಲ್ಲಿಸೋಕೆ ಇದು ಬೇಕು. ಈಟಿ ಮುರಿದುಹೋದರೆ ಉಳಿದ ತುಂಡಿನಲ್ಲಿ ಚುಚ್ಚೋಕೂ ಆಗುತ್ತೆ. ಸೊಂಟಕ್ಕೆ ಒಂದು ಗಿಡ್ಡ ಕತ್ತಿ, ಅದು ಈಟಿ ಕೈಬಿಟ್ಟ ಮೇಲಿನ ಕಥೆಗೆ. ಸಿನಿಮಾದಲ್ಲಿ ಕತ್ತಿ ಹೀರೋ, ನಿಜದ ಫ್ಯಾಲಂಕ್ಸ್‌ನಲ್ಲಿ ಈಟಿಯೇ ಹೀರೋ.

ತಲೆಗೆ ಶಿರಸ್ತ್ರಾಣ. ನಾವು ಲೋಗೋಗಳಲ್ಲೆಲ್ಲ ನೋಡೋ ಆ ಹಳೇ ವಿನ್ಯಾಸಕ್ಕೆ ಕೊರಿಂಥಿಯನ್ ಅಂತ ಹೆಸರು. ಒಂದೇ ಕಂಚಿನ ತುಂಡನ್ನ ಬಡಿದು ಬಡಿದು ತಲೆ, ಕೆನ್ನೆ, ಮೂಗು ಎಲ್ಲ ಮುಚ್ಚೋ ಹಾಗೆ ಮಾಡ್ತಿದ್ರು. ಕೆಲಸ ಎಷ್ಟು ಚೆನ್ನಾಗಿತ್ತು ಅಂದ್ರೆ ಇವತ್ತಿಗೂ ಮ್ಯೂಸಿಯಂಗಳಲ್ಲಿ ನಿಂತು ಬಾಯಿ ಬಿಟ್ಟು ನೋಡ್ತೀವಿ. ಆದ್ರೆ ಹಾಕ್ಕೊಂಡವನ ಪಾಡು ಕೇಳಿ. ಕಿವಿಗೆ ತೂತೇ ಇಲ್ಲ. ಪಕ್ಕಕ್ಕೆ ಸರಿಯಾಗಿ ಕಾಣಲ್ಲ. ಮೆಡಿಟರೇನಿಯನ್ ಬೇಸಿಗೆಯ ಬಿಸಿಲಲ್ಲಿ ತಲೆ ಮೇಲೆ ಕಂಚಿನ ಪಾತ್ರೆ ಬೋರಲು ಹಾಕ್ಕೊಂಡ ಹಾಗೆ. ಅದಕ್ಕೇ ಹಳೇ ಚಿತ್ರಗಳಲ್ಲಿ ಅದನ್ನ ಹಣೆ ಮೇಲಕ್ಕೆ ಎತ್ತಿ ಇಟ್ಟುಕೊಂಡಿರೋರು ಕಾಣ್ತಾರೆ. ಕಾಲ ಕಳೆದ ಹಾಗೆ ಮುಖ, ಕಿವಿ ತೆರೆದಿರೋ ವಿನ್ಯಾಸಗಳು ಬಂದವು. ಕೊನೆಗೆ ಬಂದ 'ಪಿಲೋಸ್' ಅನ್ನೋದು ಉಣ್ಣೆ ಟೋಪಿಯ ಆಕಾರದ ಸರಳ ಕಂಚಿನ ಟೋಪಿ, ಅಷ್ಟೇ. ಮಾಡೋಕೆ ಸುಲಭ, ಕಿವಿ ಕೇಳಿಸುತ್ತೆ.

ಎದೆಗೆ? ಆರ್ಗೋಸ್ ಊರಿನಲ್ಲಿ 1953ರಲ್ಲಿ ಒಂದು ಸಮಾಧಿ ಸಿಕ್ಕಿತು. ಕ್ರಿ.ಪೂ. 8ನೇ ಶತಮಾನದ ಕೊನೆಯದು. ಅದರೊಳಗೆ ಒಂದು ಕಂಚಿನ ಎದೆಕವಚ, ಒಂದು ಶಿರಸ್ತ್ರಾಣ. ಕವಚ ಮುಂದೆ ಒಂದು ತಗಡು, ಹಿಂದೆ ಒಂದು ತಗಡು. ಸೊಂಟದ ಹತ್ತಿರ ಗಂಟೆಯ ಬಾಯಿ ಥರ ಹೊರಗೆ ಚಾಚಿರುತ್ತೆ. ಅದಕ್ಕೇ ಇದನ್ನ ಗಂಟೆ ಕವಚ ಅಂತಲೇ ಕರೀತಾರೆ. ಇದು ಒಬ್ಬನ ಅಳತೆಗೆ ಬಡಿದು ಮಾಡೋ ವಸ್ತು. ರೆಡಿಮೇಡ್ ಅಂಗಡಿಯಲ್ಲಿ ಎಂ, ಎಲ್, ಎಕ್ಸ್‌ಎಲ್ ಅಂತ ಸಿಗೋದಲ್ಲ. ತೊಟ್ಟವನು ದಪ್ಪ ಆದ್ರೆ ಕಷ್ಟ.

ಇದಕ್ಕಿಂತ ಹಗುರವಾದ ದಾರಿ ಬಟ್ಟೆಯದು. ಲಿನನ್, ಅಂದ್ರೆ ಅಗಸೆ ನಾರಿನ ಬಟ್ಟೆ. ಪದರದ ಮೇಲೆ ಪದರ ಸೇರಿಸಿ ಗಟ್ಟಿ ಕವಚ ಮಾಡೋದು. ಬಟ್ಟೆ ಮಣ್ಣಲ್ಲಿ ಉಳಿಯಲ್ಲ, ಹಾಗಾಗಿ ನಮಗೆ ಗೊತ್ತಿರೋದೆಲ್ಲ ಹೂದಾನಿಗಳ ಮೇಲಿನ ಚಿತ್ರ ಮತ್ತು ಹಳೇ ಬರಹಗಳಿಂದ. ಅಮೆರಿಕದ ವಿಸ್ಕಾನ್ಸಿನ್–ಗ್ರೀನ್ ಬೇ ವಿಶ್ವವಿದ್ಯಾಲಯದ ಪ್ರೊಫೆಸರ್ ಗ್ರೆಗರಿ ಆಲ್ಡ್ರೆಟ್ ಮತ್ತು ಅವರ ವಿದ್ಯಾರ್ಥಿಗಳು ಇಂಥ ಕವಚವನ್ನ ಅಂಟು ಹಾಕಿ ಮತ್ತೆ ತಯಾರಿಸಿ, ಅದಕ್ಕೆ ಬಾಣ ಬಿಟ್ಟು ಪರೀಕ್ಷೆ ಮಾಡಿದ್ರು. ಬಟ್ಟೆ ಚೆನ್ನಾಗೇ ತಡೀತು. ಅಂಟೋ, ಹೊಲಿಗೆಯೋ, ಕೆಲವು ಚರ್ಮದ್ದೋ ಅನ್ನೋ ವಾದ ವಿದ್ವಾಂಸರ ನಡುವೆ ಈಗಲೂ ನಡೀತಿದೆ.

ಕಾಲಿಗೆ ಮೊಣಕಾಲಿನಿಂದ ಪಾದದವರೆಗೆ ಕಂಚಿನ ತಗಡು. ಇದನ್ನ ಕಟ್ಟೋಕೆ ಪಟ್ಟಿ ಬೇಕಿರಲಿಲ್ಲ. ತೆಳು ಕಂಚಿಗೆ ಸ್ಪ್ರಿಂಗ್ ಗುಣ ಇರುತ್ತಲ್ಲ, ಅಗಲಿಸಿ ಕಾಲಿಗೆ ಸಿಕ್ಕಿಸಿದರೆ ಕಚ್ಚಿಕೊಂಡು ನಿಲ್ಲುತ್ತೆ. ಗುರಾಣಿ ಮೊಣಕಾಲವರೆಗೆ ಮುಚ್ಚುತ್ತೆ, ಅದರ ಕೆಳಗಿನದಕ್ಕೆ ಇದು.

ಎಲ್ಲ ಸೇರಿ ತೂಕ ಎಷ್ಟು? ಹಳೇ ಪುಸ್ತಕಗಳು 30 ಕಿಲೋ ಹತ್ತಿರ ಹೇಳ್ತಿದ್ವು. ಇತ್ತೀಚಿನ ಅಂದಾಜುಗಳು ಅದಕ್ಕಿಂತ ಸಾಕಷ್ಟು ಕಡಿಮೆ. ಕಡಿಮೆಯೇ ಇರಲಿ, ದಾರಿಯುದ್ದಕ್ಕೂ ಇದನ್ನ ಹಾಪ್ಲೈಟ್ ತಾನೇ ಹೊರ್ತಿರಲಿಲ್ಲ. ಹೊರೋಕೆ ಒಬ್ಬ ಆಳು ಇರ್ತಿದ್ದ, ಸಾಮಾನ್ಯವಾಗಿ ಗುಲಾಮ. ಪ್ಲಾಟಿಯಾ ಯುದ್ಧಕ್ಕೆ ಸ್ಪಾರ್ಟಾ 5,000 ಪ್ರಜೆಗಳನ್ನ ಕಳಿಸಿದಾಗ, ಒಬ್ಬೊಬ್ಬರಿಗೆ ಏಳು ಹೆಲಟ್‌ಗಳ ಲೆಕ್ಕದಲ್ಲಿ 35,000 ಹೆಲಟ್‌ಗಳು ಜೊತೆಗೆ ಬಂದಿದ್ರು ಅಂತಾನೆ ಹೆರೊಡೋಟಸ್. ಹೆಲಟ್ ಅಂದ್ರೆ ಸ್ಪಾರ್ಟಾದವರ ಹೊಲ ಊಳೋ ಜೀತದ ಜನ. ಆ ಏಳು ಜನಕ್ಕೆ ಹಾಪ್ಲೈಟ್ ಕವಚ ಇಲ್ಲ. ಸಿನಿಮಾದಲ್ಲಿ ಇವರು ಕಾಣೋದೇ ಇಲ್ಲ.

ಸರಿ, ಈಗ ಬಿಲ್.

ಅಥೆನ್ಸ್‌ನಲ್ಲಿ ಸಿಕ್ಕ ಒಂದು ಶಿಲಾಶಾಸನ ಇದೆ. ಕ್ರಿ.ಪೂ. 6ನೇ ಶತಮಾನದ ಕೊನೆಯ ಹೊತ್ತಿನದು. ಸಲಾಮಿಸ್ ದ್ವೀಪದಲ್ಲಿ ನೆಲೆಸೋ ಅಥೆನ್ಸ್‌ನವರಿಗೆ ಹಾಕಿದ ಷರತ್ತುಗಳು ಅದರಲ್ಲಿವೆ. ಒಂದು ಷರತ್ತು: ತಮ್ಮ ಆಯುಧಗಳನ್ನ ತಾವೇ ಒದಗಿಸಬೇಕು, ಬೆಲೆ 30 ದ್ರಾಕ್ಮಾ. ದ್ರಾಕ್ಮಾ ಅವರ ಬೆಳ್ಳಿ ನಾಣ್ಯ.

30 ದ್ರಾಕ್ಮಾ ಅಂದ್ರೆ ಎಷ್ಟು? ಅದಕ್ಕಿಂತ ಹಿಂದೆ, ಸೋಲನ್‌ನ ಕಾಲದಲ್ಲಿ ಒಂದು ಎತ್ತಿನ ಬೆಲೆ 5 ದ್ರಾಕ್ಮಾ, ಒಂದು ಕುರಿಗೆ 1 ದ್ರಾಕ್ಮಾ ಅನ್ನೋ ಮಾಹಿತಿ ಪ್ಲೂಟಾರ್ಕ್‌ನಲ್ಲಿ ಸಿಗುತ್ತೆ. ಆ ಲೆಕ್ಕ ಹಿಡಿದರೆ ಆರು ಎತ್ತು. ಸುಮಾರು ನೂರು ವರ್ಷ ಆದ ಮೇಲೆ, ಅಥೆನ್ಸ್‌ನ ಎರೆಕ್ಥಿಯಾನ್ ದೇವಾಲಯ ಕಟ್ಟುವಾಗಿನ ಲೆಕ್ಕಪತ್ರದಲ್ಲಿ ಕುಶಲ ಕೆಲಸಗಾರನ ದಿನಗೂಲಿ 1 ದ್ರಾಕ್ಮಾ. ಕಾಲಗಳು ಬೇರೆ ಬೇರೆ, ಬೆಲೆನೂ ಏರಿರುತ್ತೆ, ಹಾಗಾಗಿ ನೇರವಾಗಿ ಗುಣಿಸಿ ರೂಪಾಯಿಗೆ ತರೋಕೆ ಹೋಗಬೇಡಿ. ಒಂದು ಅಂದಾಜಿಗೆ ಇಷ್ಟು ಸಾಕು. ಎರಡು ಎತ್ತು ಇಟ್ಟುಕೊಂಡು ಉಳುಮೆ ಮಾಡೋ ರೈತನಿಗೆ ಇದು ದೊಡ್ಡ ಖರ್ಚು, ಆದ್ರೆ ಕೈಗೆಟುಕೋ ಖರ್ಚು. ಭೂಮಿ ಇಲ್ಲದ ಕೂಲಿಯವನಿಗೆ ಎಟುಕಲ್ಲ.

ಬೆಲೆ ಯಾಕೆ ಇಷ್ಟು? ಕಂಚು ಅಂದ್ರೆ ತಾಮ್ರ ಮತ್ತು ತವರ. ತಾಮ್ರ ಸೈಪ್ರಸ್ ಥರದ ಕಡೆಯಿಂದ ಸಿಗ್ತಿತ್ತು. ತವರ ಬಹಳ ದೂರದಿಂದ, ಕೈಯಿಂದ ಕೈಗೆ ದಾಟಿ ಬರಬೇಕು. ಅದರ ಮೇಲೆ ನುರಿತ ಕಂಚುಗಾರನ ಕೂಲಿ. ಹಾಗಾಗಿ ಕವಚ ಅಪ್ಪನಿಂದ ಮಗನಿಗೆ ಬರ್ತಿತ್ತು, ಸತ್ತ ಶತ್ರುವಿನ ಮೈಯಿಂದ ಬಿಚ್ಚಿಕೊಳ್ತಿದ್ರು. ಗೆದ್ದವರು ಅದನ್ನ ದೇವರಿಗೆ ಹರಕೆ ಒಪ್ಪಿಸ್ತಿದ್ರು. ಒಲಿಂಪಿಯಾದ ಮ್ಯೂಸಿಯಂನಲ್ಲಿ ಮಿಲ್ಟಿಯಾಡೀಸ್ ಅನ್ನೋ ಹೆಸರು ಕೆತ್ತಿ ಜ್ಯೂಸ್ ದೇವರಿಗೆ ಕೊಟ್ಟಿರೋ ಒಂದು ಶಿರಸ್ತ್ರಾಣ ಇವತ್ತಿಗೂ ಇದೆ. ಕ್ರಿ.ಪೂ. 490ರ ಮ್ಯಾರಥಾನ್ ಯುದ್ಧದ ಸೇನಾಪತಿಯ ಹೆಸರೂ ಅದೇ.

ಈ ಖರ್ಚು ಮಾಡಬಲ್ಲವರು ಯಾರು ಅನ್ನೋದನ್ನ ಅಥೆನ್ಸ್ ತನ್ನ ಕಾನೂನಿನಲ್ಲೇ ಬರೆದಿಟ್ಟಿತ್ತು. ಸೋಲನ್ ಪ್ರಜೆಗಳನ್ನ ಅವರ ಬೆಳೆಯ ಆಧಾರದ ಮೇಲೆ ನಾಲ್ಕು ವರ್ಗ ಮಾಡಿದ. ಮೂರನೇ ವರ್ಗದ ಹೆಸರು ಜ್ಯೂಗೀಟಾಯ್, ವರ್ಷಕ್ಕೆ 200 ಅಳತೆ ಧಾನ್ಯ ಬೆಳೆಯೋರು. ಈ ಪದದ ಮೂಲದಲ್ಲಿರೋದು ನೊಗ. ಒಂದು ಜೋಡಿ ಎತ್ತು ಇರೋರು ಅಂತ ಕೆಲವರು ಅರ್ಥ ಮಾಡ್ತಾರೆ. ಯುದ್ಧದ ಸಾಲಿನಲ್ಲಿ ಒಂದೇ ನೊಗಕ್ಕೆ ಕಟ್ಟಿದ ಹಾಗೆ ಪಕ್ಕಪಕ್ಕ ನಿಲ್ಲೋರು ಅಂತ ಇನ್ನು ಕೆಲವರು. ನಾಲ್ಕನೇ ವರ್ಗ ಥೀಟ್ಸ್, ಅಂದ್ರೆ ಕೂಲಿಯವರು. ಸಭೆಗೆ ಬರಬಹುದು, ಹುದ್ದೆ ಇಲ್ಲ. ಕವಚವೂ ಇಲ್ಲ.

ಇವರ ಅದೃಷ್ಟ ಬದಲಾಗಿದ್ದು ಸಮುದ್ರದಲ್ಲಿ. ಕ್ರಿ.ಪೂ. 483ರ ಹೊತ್ತಿಗೆ ಲಾರಿಯನ್ ಗಣಿಯಲ್ಲಿ ಬೆಳ್ಳಿ ಸಿಕ್ಕಾಗ ಥೆಮಿಸ್ಟೋಕ್ಲೀಸ್ ಆ ದುಡ್ಡನ್ನ ಹಡಗು ಕಟ್ಟೋಕೆ ಹಾಕಿಸಿದ. ಒಂದು ಯುದ್ಧದ ಹಡಗಿಗೆ 170 ಜನ ಹುಟ್ಟು ಹಾಕೋರು ಬೇಕು. ಹುಟ್ಟು ಹಾಕೋಕೆ ಕವಚ ಬೇಡ, ರಟ್ಟೆ ಸಾಕು. ಸಲಾಮಿಸ್ ಸಮುದ್ರ ಯುದ್ಧ ಗೆದ್ದ ಮೇಲೆ ಊರನ್ನ ಉಳಿಸಿದ್ದು ನಾವು ಅಂತ ಹೇಳೋ ಹಕ್ಕು ಬಡವರಿಗೂ ಬಂತು. ಅಥೆನ್ಸ್‌ನ ಪ್ರಜಾಪ್ರಭುತ್ವ ಆಮೇಲೆ ಇನ್ನೂ ಅಗಲ ಆಗಿದ್ದರಲ್ಲಿ ಈ ಹುಟ್ಟು ಹಾಕೋರ ಪಾಲು ದೊಡ್ಡದು.

ಆದ್ರೆ ಎಲ್ಲರಿಗೂ ಇದು ಇಷ್ಟ ಆಗಲಿಲ್ಲ. ಕ್ರಿ.ಪೂ. 411ರಲ್ಲಿ ಅಥೆನ್ಸ್‌ನಲ್ಲಿ ಕ್ಷಿಪ್ರಕ್ರಾಂತಿ ನಡೀತು. ಮೊದಲು 400 ಜನರ ಆಡಳಿತ ಬಂತು, ಅದು ಬಿದ್ದ ಮೇಲೆ 5,000 ಜನರ ಆಡಳಿತ. ಆ 5,000ದಲ್ಲಿ ಯಾರು ಸೇರಬಹುದು? ತಮ್ಮ ಸ್ವಂತ ಖರ್ಚಿನಲ್ಲಿ ಹಾಪ್ಲೈಟ್ ಆಯುಧ ಒದಗಿಸಬಲ್ಲವರು. ಇಲ್ಲಿ ಗುರಾಣಿ ವೋಟರ್ ಐಡಿ ಆಯ್ತು. ನಿಮ್ಮ ಹತ್ತಿರ ಸೆಟ್ ಇದ್ರೆ ನೀವು ಪ್ರಜೆ. ಇಲ್ಲದೇ ಇದ್ರೆ, ಹಡಗಿನಲ್ಲಿ ಎಷ್ಟು ವರ್ಷ ಹುಟ್ಟು ಹಾಕಿದ್ರೂ ಆಚೆ. ಇದು ಹೆಚ್ಚು ದಿನ ನಡೀಲಿಲ್ಲ, ಮರುವರ್ಷವೇ ಹಳೇ ವ್ಯವಸ್ಥೆ ವಾಪಸ್ ಬಂತು. ಆದ್ರೆ ಐಡಿಯಾ ಸಾಯಲಿಲ್ಲ.

ಕ್ರಿ.ಪೂ. 404. ಸ್ಪಾರ್ಟಾ ಎದುರು ಅಥೆನ್ಸ್ ಪೂರ್ತಿ ಸೋತಿದೆ. ಸ್ಪಾರ್ಟಾದ ಬೆಂಬಲದಿಂದ ಮೂವತ್ತು ಜನರ ಒಂದು ಗುಂಪು ಅಧಿಕಾರ ಹಿಡೀತು. ಇತಿಹಾಸ ಅವರನ್ನ ಕರೆಯೋದೇ 'ಮೂವತ್ತು ನಿರಂಕುಶರು' ಅಂತ. ಮುಖ್ಯ ತಲೆ ಕ್ರಿಟಿಯಾಸ್. ಇವರು 3,000 ಜನರ ಒಂದು ಲಿಸ್ಟ್ ಮಾಡಿದ್ರು. ಲಿಸ್ಟ್‌ನಲ್ಲಿ ಇರೋರಿಗೆ ಮಾತ್ರ ಹಕ್ಕು. ಆಮೇಲೆ ಮಾಡಿದ್ದು ಏನು ಗೊತ್ತಾ? ಪರೇಡ್ ನೆಪದಲ್ಲಿ ಜನರನ್ನ ಹೊರಗೆ ಕರೆಸಿ, ಲಿಸ್ಟ್‌ನಲ್ಲಿ ಇಲ್ಲದವರ ಆಯುಧಗಳನ್ನೆಲ್ಲ ವಶ ಮಾಡಿಕೊಂಡು ಆಕ್ರೊಪೊಲಿಸ್ ಗುಡ್ಡದ ಮೇಲೆ ಇಟ್ರು. ಇದನ್ನ ಬರೆದವನು ಜೆನೊಫೋನ್, ಆ ಕಾಲದಲ್ಲಿ ಬದುಕಿದ್ದವನು. ಜನ ನಿರಾಯುಧರಾದ ಮೇಲೆ ಕೊಲೆಗಳು ಹೆಚ್ಚಾದವು. ಅರಿಸ್ಟಾಟಲ್ ಹೆಸರಿನಲ್ಲಿ ಉಳಿದಿರೋ ಅಥೆನ್ಸ್ ಸಂವಿಧಾನದ ಪುಸ್ತಕ ಕೊಡೋ ಲೆಕ್ಕ 1,500ಕ್ಕೆ ಕಡಿಮೆ ಇಲ್ಲ.

ಇಲ್ಲಿ ಒಂದು ಕುಟುಂಬದ ಕಥೆ ಹೇಳಲೇಬೇಕು. ಲೈಸಿಯಸ್ ಮತ್ತು ಅವನ ಅಣ್ಣ ಪೋಲೆಮಾರ್ಕಸ್. ಅಪ್ಪ ಸಿರಾಕ್ಯೂಸ್‌ನಿಂದ ಬಂದು ಅಥೆನ್ಸ್‌ನಲ್ಲಿ ನೆಲೆಸಿದವನು. ಅಂದ್ರೆ ಇವರು ವಲಸಿಗರು, ತೆರಿಗೆ ಕಟ್ಟಬೇಕು, ವೋಟು ಇಲ್ಲ. ಇವರ ಬಿಸಿನೆಸ್ ಏನು? ಗುರಾಣಿ ತಯಾರಿಕೆ. ಮೂವತ್ತು ಜನರಿಗೆ ದುಡ್ಡು ಬೇಕಿತ್ತು, ಶ್ರೀಮಂತ ವಲಸಿಗರ ಮೇಲೆ ಕಣ್ಣು ಬಿತ್ತು. ಈ ಕುಟುಂಬದಿಂದ ಅವರು 700 ಗುರಾಣಿ ಮತ್ತು 120 ಗುಲಾಮರನ್ನ ವಶ ಮಾಡಿಕೊಂಡರು ಅಂತ ಲೈಸಿಯಸ್ ಆಮೇಲೆ ಕೋರ್ಟಿನ ಭಾಷಣದಲ್ಲಿ ಹೇಳಿದ್ದಾನೆ. ಅಣ್ಣನಿಗೆ ವಿಚಾರಣೆ ಇಲ್ಲದೆ ವಿಷ ಕುಡಿಸಿದರು. ಲೈಸಿಯಸ್ ತಪ್ಪಿಸಿಕೊಂಡು ಮೆಗಾರಾಗೆ ಓಡಿದ.

ಅತ್ತ ಥ್ರಾಸಿಬುಲಸ್ ಅನ್ನೋ ನಾಯಕ ಸುಮಾರು 70 ಜನರನ್ನ ಕಟ್ಟಿಕೊಂಡು ಗಡಿ ಹತ್ತಿರದ ಫೈಲಿ ಅನ್ನೋ ಕೋಟೆ ಹಿಡಿದ. ದಿನೇದಿನೇ ಜನ ಸೇರಿದ್ರು. ಲೈಸಿಯಸ್ ದುಡ್ಡಿನ ಜೊತೆ 200 ಗುರಾಣಿ ಕಳಿಸಿದ. ಪಿರೇಯಸ್ ಬಂದರಿಗೆ ಇಳಿದು ಬಂದಾಗ ನಡೆದ ಕಾಳಗದಲ್ಲಿ ಕ್ರಿಟಿಯಾಸ್ ಸತ್ತ. ಆದ್ರೆ ಬಂದರಿನಲ್ಲಿ ಈಗ ಸೇರಿರೋ ಇಷ್ಟೊಂದು ಜನಕ್ಕೆ ಗುರಾಣಿ ಎಲ್ಲಿಂದ ತರೋದು? ಅವರದ್ದೆಲ್ಲ ಆಕ್ರೊಪೊಲಿಸ್ ಮೇಲೆ ಬೀಗದೊಳಗಿದೆ. ಜೆನೊಫೋನ್ ಒಂದು ಸಣ್ಣ ವಿವರ ಬರೆದಿಟ್ಟಿದ್ದಾನೆ. ಅವರು ತಾವೇ ಗುರಾಣಿ ಮಾಡಿಕೊಂಡರು. ಕೆಲವರು ಮರದಿಂದ. ಕೆಲವರು ಬುಟ್ಟಿ ಹೆಣೆಯೋ ಹಾಗೆ ಕಡ್ಡಿ ಹೆಣೆದು. ಮೇಲೆ ಬಿಳಿ ಬಳಿದರು.

ಈ ಚಿತ್ರವನ್ನ ಒಂದು ನಿಮಿಷ ಕಣ್ಣ ಮುಂದೆ ತಂದುಕೊಳ್ಳಿ. ಕಂಚು ಇಲ್ಲ, ನುರಿತ ಕಮ್ಮಾರ ಇಲ್ಲ, 30 ದ್ರಾಕ್ಮಾ ಇಲ್ಲ. ಬುಟ್ಟಿ ಗುರಾಣಿ ಹಿಡಿದು ನಿಂತಿರೋ ಜನ. ಅವರಲ್ಲಿ ಅಥೆನ್ಸ್‌ನ ಪ್ರಜೆಗಳೇ ಅಲ್ಲದ ವಿದೇಶಿಯರೂ ಇದ್ರು. ಕ್ರಿ.ಪೂ. 403ರಲ್ಲಿ ಪ್ರಜಾಪ್ರಭುತ್ವ ವಾಪಸ್ ಬಂದಿದ್ದು ಇಂಥವರಿಂದ. ಆದರೂ ಲೈಸಿಯಸ್‌ನಂಥ ವಲಸಿಗರಿಗೆ ಪೌರತ್ವ ಕೊಡಿಸೋಕೆ ಥ್ರಾಸಿಬುಲಸ್ ತಂದ ನಿರ್ಣಯ ಕೋರ್ಟಿನಲ್ಲಿ ನಿಲ್ಲಲಿಲ್ಲ. 200 ಗುರಾಣಿ ಕೊಟ್ಟವನು ಸಾಯೋವರೆಗೂ ಹೊರಗಿನವನಾಗೇ ಉಳಿದ.

ಗುರಾಣಿ ಮಾಡಿದ ಗುಲಾಮರ ಬಗ್ಗೆ ಯೋಚಿಸಿದರೆ ಇನ್ನೂ ಒಂದು ಮೆಟ್ಟಿಲು ಕೆಳಗೆ ಹೋಗ್ತೀವಿ. ಅವರು ಬಡಿದು, ಹೊದಿಸಿ, ಹೊಳಪು ಕೊಟ್ಟ ಗುರಾಣಿಯನ್ನ ತಾವು ಹಿಡಿದು ಸಾಲಿನಲ್ಲಿ ನಿಲ್ಲೋ ಹಾಗಿಲ್ಲ. ಅಪರೂಪಕ್ಕೆ ಒಬ್ಬ ಪಾಸಿಯೋನ್. ಗುಲಾಮನಾಗಿದ್ದವನು ಬಿಡುಗಡೆಯಾಗಿ ಅಥೆನ್ಸ್‌ನ ದೊಡ್ಡ ಬ್ಯಾಂಕರ್ ಆದ, ಒಂದು ಗುರಾಣಿ ಕಾರ್ಖಾನೆಯ ಮಾಲೀಕನೂ ಆದ. ಆ ಕಾರ್ಖಾನೆಯ ಆದಾಯ ವರ್ಷಕ್ಕೆ ಒಂದು ಟ್ಯಾಲೆಂಟ್, ಅಂದ್ರೆ 6,000 ದ್ರಾಕ್ಮಾ. ಅವನು ಊರಿಗೆ 1,000 ಗುರಾಣಿ ದಾನ ಮಾಡಿದ. ಪೌರತ್ವ ಸಿಕ್ಕಿತು. ಅವನ ಕಾರ್ಖಾನೆಯಲ್ಲಿ ದುಡೀತಿದ್ದವರಿಗೆ ಸಿಗಲಿಲ್ಲ.

ಇಷ್ಟೆಲ್ಲ ಬೆಲೆ ತೆತ್ತ ಈ ಸೆಟ್ ಕೊನೆವರೆಗೂ ಗೆಲ್ತಾ ಹೋಯ್ತಾ? ಇಲ್ಲ. ಕ್ರಿ.ಪೂ. 425ರಲ್ಲಿ ಪೈಲೋಸ್ ಹತ್ತಿರದ ಸ್ಫಾಕ್ಟೀರಿಯಾ ದ್ವೀಪದಲ್ಲಿ ಸ್ಪಾರ್ಟಾದ ಕಡೆಯ 420 ಹಾಪ್ಲೈಟ್‌ಗಳು ಸಿಕ್ಕಿಬಿದ್ರು. ಅಥೆನ್ಸ್ ಕಡೆಯ ಹಗುರ ಸೈನಿಕರು ಹತ್ತಿರ ಬರದೆ ದೂರದಿಂದಲೇ ಬಾಣ, ಎಸೆಯೋ ಈಟಿ, ಕಲ್ಲು ಸುರಿಸಿದ್ರು. ಭಾರ ಹೊತ್ತವರು ಅಟ್ಟಿಸಿಕೊಂಡು ಹೋಗೋಕಾಗಲಿಲ್ಲ. 292 ಜನ ಶರಣಾದ್ರು. ಅವರಿಂದ ಕಸಿದ ಒಂದು ಗುರಾಣಿಯ ಕಂಚಿನ ಹೊದಿಕೆ ಅಥೆನ್ಸ್‌ನ ಅಗೋರಾ ಮ್ಯೂಸಿಯಂನಲ್ಲಿದೆ. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಬರೆದಿದ್ದಾರೆ, ಪೈಲೋಸ್‌ನಲ್ಲಿ ಸ್ಪಾರ್ಟಾದವರಿಂದ ಅಥೆನ್ಸ್‌ನವರು ಪಡೆದಿದ್ದು ಅಂತ. ಕ್ರಿ.ಪೂ. 390ರಲ್ಲಿ ಕೊರಿಂಥ್ ಹತ್ತಿರ ಇಫಿಕ್ರಾಟೀಸ್ ಅನ್ನೋ ಸೇನಾಪತಿ ಇದೇ ಪಾಠವನ್ನ ಮತ್ತೆ ಕಲಿಸಿದ. ಸಣ್ಣ ಹಗುರ ಗುರಾಣಿ ಹಿಡಿದು ಈಟಿ ಎಸೆಯೋರು ಸುಮಾರು 600 ಸ್ಪಾರ್ಟನ್ನರ ಪಡೆಯನ್ನ ಹಣ್ಣು ಮಾಡಿದ್ರು. 250ರಷ್ಟು ಜನ ಸತ್ತರು. ಎಲ್ಲರೂ ಒಂದೇ ಥರ ನಿಂತು ಹೊಡೆದಾಡೋವರೆಗೆ ಕಂಚಿಗೆ ಬೆಲೆ. ಎದುರಾಳಿ ದೂರ ನಿಂತರೆ ಕಂಚು ಬರೀ ಭಾರ.

ಕ್ರಿ.ಪೂ. 338ರಲ್ಲಿ ಮ್ಯಾಸಿಡೋನಿಯಾದ ಎರಡನೇ ಫಿಲಿಪ್ ಕೈರೋನಿಯಾದಲ್ಲಿ ಅಥೆನ್ಸ್ ಮತ್ತು ಥೀಬ್ಸ್ ಸೈನ್ಯವನ್ನ ಸೋಲಿಸಿದ. ಇದಾದ ಕೆಲವೇ ವರ್ಷದಲ್ಲಿ ಅಥೆನ್ಸ್ ತನ್ನ ಯುವಕರ ತರಬೇತಿಯನ್ನ ಹೊಸದಾಗಿ ರೂಪಿಸ್ತು. 18 ತುಂಬಿದವರಿಗೆ ಎರಡು ವರ್ಷ ತರಬೇತಿ. ಮೊದಲ ವರ್ಷ ಮುಗಿದ ಮೇಲೆ ಜನರ ಮುಂದೆ ಕವಾಯತು, ಆಮೇಲೆ ಊರಿನ ಕಡೆಯಿಂದಲೇ ಒಂದು ಗುರಾಣಿ, ಒಂದು ಈಟಿ. ಸರ್ಕಾರದ ಖರ್ಚಲ್ಲಿ. ಇದಕ್ಕೂ ಮುಂಚೆ ಅಥೆನ್ಸ್ ಇಂಥದ್ದನ್ನ ಒಂದು ಗುಂಪಿಗೆ ಮಾಡ್ತಿತ್ತು. ಯುದ್ಧದಲ್ಲಿ ಅಪ್ಪನನ್ನ ಕಳ್ಕೊಂಡ ಹುಡುಗರು ದೊಡ್ಡವರಾದಾಗ, ನಾಟಕೋತ್ಸವದ ದಿನ ತುಂಬಿದ ರಂಗಮಂದಿರದಲ್ಲಿ ನಿಲ್ಲಿಸಿ ಪೂರ್ತಿ ಹಾಪ್ಲೈಟ್ ಸೆಟ್ ತೊಡಿಸಿ ಕಳಿಸ್ತಿದ್ರು. ಸತ್ತವನ ಲೆಕ್ಕವನ್ನ ಊರು ಹಾಗೆ ಚುಕ್ತಾ ಮಾಡ್ತಿತ್ತು.

ನೂರಾರು ವರ್ಷ 'ನಿನ್ನದು ನೀನೇ ತಾ' ಅಂದ ಊರು, ಎಲ್ಲ ಹುಡುಗರಿಗೂ ಗುರಾಣಿ ಕೊಡೋ ಹೊತ್ತಿಗೆ ಆ ಗುರಾಣಿಯ ಕಾಲವೇ ಮುಗೀತಾ ಬಂದಿತ್ತು. ನನಗೆ ಇದರಲ್ಲಿ ಬೇಜಾರಾಗೋದು ಅದೇ.

ಮುಂದಿನ ಸಲ ಯಾವುದಾದರೂ ಯುದ್ಧದ ಸಿನಿಮಾ ನೋಡುವಾಗ, ಮ್ಯೂಸಿಯಂನಲ್ಲಿ ಹೊಳೆಯೋ ಕವಚ ನೋಡುವಾಗ ಮೂರು ಪ್ರಶ್ನೆ ಕೇಳಿ. ಇದಕ್ಕೆ ದುಡ್ಡು ಕೊಟ್ಟಿದ್ದು ಯಾರು? ಮಾಡಿದ್ದು ಯಾರ ಕೈ? ಇದು ಇಲ್ಲದೆ ಪಕ್ಕದಲ್ಲಿ ನಿಂತಿದ್ದವರು ಯಾರು? ಹೆಲ್ಮೆಟ್, ಗ್ಲೌಸ್, ರೇನ್‌ಕೋಟ್ ಎಲ್ಲ ಸ್ವಂತ ದುಡ್ಡಲ್ಲಿ ತಗೊಂಡು ಕೆಲಸಕ್ಕೆ ಇಳಿಯೋರು ನಿಮ್ಮಲ್ಲೂ ಇದ್ದೀರಿ. ನಿಮ್ಮ ಕೆಲಸದಲ್ಲಿ 'ಗುರಾಣಿ' ಯಾವುದು, ಅದರ ಬಿಲ್ ಯಾರ ಹೆಸರಲ್ಲಿದೆ ಅಂತ ಕಾಮೆಂಟ್‌ನಲ್ಲಿ ಬರೀರಿ, ಓದ್ತೀನಿ.

ಈ ಎಪಿಸೋಡ್ ಇಷ್ಟ ಆಗಿದ್ರೆ '300' ನೋಡಿ ಕುಣಿದಾಡಿದ ಆ ಒಬ್ಬ ಫ್ರೆಂಡ್‌ಗೆ ಕಳಿಸಿ.